ಹೊಸ್ತಿಲಿಲ್ಲದ ಬಚ್ಚಲುಮನೆ

ಬೆಳಿಗ್ಗೆ ಒಂಬತ್ತೂವರೆ. ಮುದುಕರು ಮಲಗುವ ಕೋಣೆಯ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಬಚ್ಚಲುಮನೆಯ ಬಾಗಿಲು ಅಲ್ಲಿಂದ ನಾಲ್ಕೇ ಹೆಜ್ಜೆ. ಸುತ್ತ ನೀರು. ಪಕ್ಕದಲ್ಲಿ ಮಗುಚಿದ ಗಾಲಿಕುರ್ಚಿ. ಸೊಂಟದ ಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಜೀವ ಇತ್ತು, ಮಾತು ಇರಲಿಲ್ಲ. ಮಾತು ಹೋಗಿ ಮೂರು ವರ್ಷವಾಗಿತ್ತು. ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆ ನಾಲಿಗೆಯೂ ಸೋತಿತ್ತು. ಅದಕ್ಕೆ ಮೊದಲು ಮೂವತ್ತು ವರ್ಷ ಬಸ್ಸು ಓಡಿಸಿದವರು.

ಮಗಳು ಕೂಗಿಕೊಂಡಳು. ಕೆಳಮನೆಯವರು ಆಂಬುಲೆನ್ಸಿಗೆ ಫೋನ್ ಮಾಡಿದರು. ಬೇರೆ ಬಡಾವಣೆಯಲ್ಲಿದ್ದ ಮಗ ಆಸ್ಪತ್ರೆಗೆ ಓಡಿ, ಅಲ್ಲಿಂದ ನೇರ ಠಾಣೆಗೆ ಬಂದ.

ಅವನ ದೂರು ಸರಳವಾಗಿತ್ತು. ಅಪ್ಪನ ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗಲಿ ಅಂತ ಬಚ್ಚಲುಮನೆಯ ಹೊಸ್ತಿಲು ಒಡೆಸಿ, ಕೋಣೆಯ ನೆಲಕ್ಕೆ ಸಮನಾಗಿ ಹೊಸ ನೆಲ ಹಾಕಿಸಿದ್ದ. ಕೆಲಸ ಮುಗಿದು ಮೂರೇ ದಿನ. ಮೇಸ್ತ್ರಿ ಇಳಿಜಾರು ಕೆಡಿಸಿದ್ದಾನೆ. ನೀರು ಕೋಣೆಗೆ ಹರಿದಿದೆ. ಅಪ್ಪ ಜಾರಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಠಾಣೆಯ ಬೆಂಚಿನ ಮೇಲಿದ್ದ.

*

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ರಸಮಟ್ಟ ಅಂತ. ನೆಲ ಸಮ ಇದೆಯೋ ಇಲ್ಲವೋ ಅಂತ ಗಾಳಿಗುಳ್ಳೆ ನೋಡಿ ಹೇಳುವ ಆ ಪಟ್ಟಿ ಅವನ ಜೇಬು ಬಿಟ್ಟು ಇಳಿಯುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಮೇಡಂ ಕೇಳಿದ್ದಕ್ಕೆಲ್ಲ ಅವನು ಕೆಲಸದ ಲೆಕ್ಕ ಒಪ್ಪಿಸಿದ. ಹಳೆಯ ಕಾಂಕ್ರೀಟು ಮೂರು ಬೆರಳು ಆಳಕ್ಕೆ ಕಡಿದಿದ್ದ. ಬಾಗಿಲಿಂದ ಎದುರುಗೋಡೆಯ ಬುಡದಲ್ಲಿ ನೀರು ಹೋಗುವ ಜಾಲರಿವರೆಗೆ ಒಂದೇ ಇಳಿಜಾರು ಕೊಟ್ಟಿದ್ದ. ನೀರು ಇಂಗದ ಬಣ್ಣ ಮೂರು ಕೋಟು ಬಳಿದಿದ್ದ. ಜಾಲರಿಗೆ ಬಿರಡೆ ಹಾಕಿ, ಬಾಗಿಲಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ, ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡಿದ್ದ. ಆಮೇಲೇ ಜಾರದ ಸಣ್ಣ ಟೈಲ್ಸ್.

"ನೀರು ಯಾರ ಮಾತೂ ಕೇಳಲ್ಲ ಮೇಡಂ, ಇಳಿಜಾರಿನ ಮಾತು ಮಾತ್ರ ಕೇಳುತ್ತೆ," ಅಂದ. "ಆ ನೆಲದಿಂದ ನೀರು ಆಚೆ ಬರಲ್ಲ."

ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆ ಅಂದುಕೊಂಡು ಮೇಡಂ ಆಸ್ಪತ್ರೆಗೆ ಹೋದರು.

ಮುದುಕರಿಗೆ ಎಚ್ಚರವಿತ್ತು. ಎಡಗೈ ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ ಅಂತ ಮಗಳು ತಿಳಿಸಿದಳು. ಮೂರು ವರ್ಷದಿಂದ ಅಪ್ಪ-ಮಗಳ ಮಾತುಕತೆ ನಡೆದದ್ದೆಲ್ಲ ಹಾಗೆಯೇ. ತಾನು ಬಚ್ಚಲಲ್ಲಿ ನಲ್ಲಿ ಬಿಟ್ಟು ಅಡುಗೆಮನೆಗೆ ಹೋಗಿದ್ದೆ, ಅಷ್ಟರಲ್ಲಿ ನೀರು ಆಚೆ ಬಂದಿತ್ತು ಅಂದಳು.

ಮೇಡಂ ಮುದುಕರ ಕೈ ಹಿಡಿದರು. "ನೀರಲ್ಲಿ ಜಾರಿದ್ರಾ?"

ಒಂದು ಸಲ ಒತ್ತಿದರು. ಗಟ್ಟಿಯಾಗಿ.

ಬಿದ್ದವರೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಉಳಿಯಿತು? ಆದರೂ ನೆಲ ನೋಡದೆ ಕಾಗದ ಬರೆಯಲು ಮೇಡಂಗೆ ಮನಸ್ಸಾಗಲಿಲ್ಲ.

*

ಮೇಡಂ, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ಮನೆಗೆ ಹೋಗಿ ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ ಕಾಲು ಗಂಟೆ ಬಿಟ್ಟರು. ಬಾಗಿಲ ಬಳಿಯೇ ಎರಡು ಬಕೆಟ್ ಸುರಿದರು. ನೀರು ಬೆನ್ನು ತಿರುಗಿಸಿ ಜಾಲರಿಯ ಕಡೆ ಓಡಿತು. ಒಂದು ಹನಿಯೂ ಕೋಣೆಗೆ ಕಾಲಿಡಲಿಲ್ಲ.

ಬೆಳಿಗ್ಗೆ ಕೊಳವೆಯಲ್ಲಿ ಸಿಮೆಂಟು ಕಟ್ಟಿಕೊಂಡಿದ್ದಿರಬಹುದು ಅಂತ ಹೆಡ್ ಕಾನ್‌ಸ್ಟೇಬಲ್ ಅನುಮಾನಪಟ್ಟ. ಮೇಸ್ತ್ರಿ ಅಲ್ಲೇ ಸಿಮೆಂಟಿನ ಬಾಂಡ್ಲಿ ತೊಳೆದದ್ದನ್ನು ಕೆಳಮನೆಯವರು ನೋಡಿದ್ದರಂತೆ. ಜಾಲರಿ ಎತ್ತಿ ಮೊಣಕೈವರೆಗೆ ಕೈ ಹಾಕಿ ತಡಕಾಡಿದ. ಒಂದು ಚೂರು ಕಸವೂ ಸಿಗಲಿಲ್ಲ.

"ನಮ್ಮನೆ ಬಚ್ಚಲಲ್ಲಿ ಒಂದು ಚೊಂಬು ನೀರು ಹೋಗೋಕೆ ಅರ್ಧ ಗಂಟೆ ಬೇಕು ಮೇಡಂ," ಅಂದ ಅವನು, ಕೈ ಒರೆಸಿಕೊಳ್ಳುತ್ತ. "ಇವನ ಹತ್ರ ಮಾಡಿಸಬೇಕಿತ್ತು."

ಬೆಳಿಗ್ಗೆ ದೂರು ಬಂದ ಕೂಡಲೇ ಸ್ಥಳಕ್ಕೆ ಬಂದಿದ್ದವನೂ ಅವನೇ. ಫೋನಿನಲ್ಲಿ ತೆಗೆದ ಫೋಟೋಗಳಿದ್ದವು. ಮೇಡಂ ಒಂದೊಂದನ್ನೂ ಹಿಗ್ಗಿಸಿ ನೋಡಿದರು. ನೀರು ನಿಂತದ್ದು ಮುದುಕರು ಬಿದ್ದ ಜಾಗದಲ್ಲಿ. ಅಲ್ಲಿಂದ ಬಚ್ಚಲ ಬಾಗಿಲವರೆಗೆ ನೆಲ ಒಣಗಿತ್ತು. ಟೈಲ್ಸ್ ಕೊಯ್ದ ಬಿಳಿ ಧೂಳು ಕೂಡ ಅಲ್ಲಿ ನೆನೆಯದೆ ಹಾಗೇ ಕೂತಿತ್ತು.

ಮೇಡಂ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದರು. ಮುದುಕರ ಬಟ್ಟೆ ಬಿಚ್ಚಿದ್ದು ಆಕೆಯೇ. ಅಂಗಿಯ ಎದೆಭಾಗ ತೊಯ್ದಿತ್ತು, ಬೆನ್ನಿನ ನಡುಭಾಗ ಒಣಗೇ ಇತ್ತು ಅಂತ ಆಕೆಗೆ ಚೆನ್ನಾಗಿ ನೆನಪಿತ್ತು.

*

ಸಂಜೆ ನಾಲ್ಕಕ್ಕೆ ವಾರ್ಡಿನಲ್ಲಿ ಅಣ್ಣ ತಂಗಿ ಇಬ್ಬರೂ ಇದ್ದರು. ಮೇಡಂ ಕೂರಲಿಲ್ಲ.

ನೀರು ಬಚ್ಚಲಿಂದ ಬಂದಿದ್ದರೆ ದಾರಿ ಒದ್ದೆಯಾಗಿರಬೇಕಿತ್ತು ಅಂದರು. ಒದ್ದೆ ನೆಲದ ಮೇಲೆ ಅಂಗಾತ ಬಿದ್ದವರ ಬೆನ್ನು ತೊಯ್ಯಬೇಕಿತ್ತು. ಇಲ್ಲಿ ತೊಯ್ದದ್ದು ಎದೆ. ಅಂದರೆ ಮೊದಲು ಅವರು ಬಿದ್ದಿದ್ದಾರೆ, ಆಮೇಲೆ ಯಾರೋ ನೀರು ಸುರಿದಿದ್ದಾರೆ. ಮುದುಕರನ್ನು ಬಿಟ್ಟರೆ ಮನೆಯಲ್ಲಿದ್ದದ್ದು ಒಬ್ಬರೇ.

ಅಣ್ಣ ತಂಗಿಯ ಮುಖ ನೋಡಿದ.

"ನಾನು ಮನೇಲಿರಲಿಲ್ಲ," ಅಂದಳು. "ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಎಲ್ಲಿಗೋ ಹೋಗಬೇಕು ಅಂತಲ್ಲ. ಎರಡು ಬಸ್ಸು ಬಂದವು, ಹತ್ತಲಿಲ್ಲ. ಸುಮ್ನೆ ಕೂತಿದ್ದೆ. ಮುಕ್ಕಾಲು ಗಂಟೆ."

ತಿರುಗಿ ಬಂದಾಗ ಅಪ್ಪ ನೆಲದ ಮೇಲಿದ್ದರು. ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದರು. ಹೊಸ್ತಿಲು ಹೋಯಿತಲ್ಲ, ಇನ್ನು ಮಗಳು ಎತ್ತಿ ದಾಟಿಸಬೇಕಾಗಿಲ್ಲ, ಒಬ್ಬನೇ ಸ್ನಾನ ಮಾಡುತ್ತೇನೆ ಅಂತ ಹಾಸಿಗೆಯಿಂದ ಕುರ್ಚಿಗೆ ಜರುಗಲು ಹೋಗಿ ಬಿದ್ದಿದ್ದರು. ನೀನೆಲ್ಲಿದ್ದೆ ಅಂತ ಅಣ್ಣ ಕೇಳುತ್ತಾನೆ. ಅವಳಿಗೆ ತೋಚಿದ್ದು ಅದೊಂದೇ ಮಾತು. ಬಕೆಟ್ ತಂದಳು. ಅವಸರದಲ್ಲಿ ಸುರಿಯುವಾಗ ನೀರು ಅಪ್ಪನ ಎದೆಯ ಮೇಲೂ ಚೆಲ್ಲಿತು.

"ನೀರು ಆಚೆ ಬಂತು, ಜಾರಿದ್ರು ಅಂದೆ, ಅಷ್ಟೇ. ಮೇಸ್ತ್ರಿ ಹೆಸರು ತೆಗೆದವನು ಅಣ್ಣ. ನಾನು ಬಾಯಿ ಮುಚ್ಚಿಕೊಂಡಿದ್ದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮುದುಕರು ಎಲ್ಲವನ್ನೂ ಕಣ್ಣಾರೆ ನೋಡಿದ್ದರು. ನೋಡಿಯೂ, ಜಾರಿದ್ದು ಹೌದು ಅಂತ ಕೈ ಒತ್ತಿದ್ದರು. ಈಗ ಆ ಕಣ್ಣುಗಳು ಗೋಡೆ ಕಡೆ ತಿರುಗಿದ್ದವು.

ಮೇಡಂ ಠಾಣೆಗೆ ಫೋನ್ ಮಾಡಿ ಮೇಸ್ತ್ರಿಯನ್ನು ಬಿಡಲು ಹೇಳಿದರು. ಮುಂದೆ ಅವನಿಗೆ ಕೆಲಸ ಒಪ್ಪಿಸಿದ್ದ ಎರಡು ಮನೆಯವರು ಆಗಲೇ ಬೇಡ ಅಂದಿದ್ದಾರಂತೆ ಅಂತ ಆ ಕಡೆಯಿಂದ ಹೆಡ್ ಕಾನ್‌ಸ್ಟೇಬಲ್ ಹೇಳಿದ. ತಾನೇ ಅವರ ಹತ್ತಿರ ಮಾತಾಡುತ್ತೇನೆ ಅಂದರು ಮೇಡಂ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು.

"ಹೇಳಿಕೆ ಬರೆಸಬೇಕು, ಠಾಣೆಗೆ ಬನ್ನಿ ಅಮ್ಮ," ಅಂದರು ಮಗಳಿಗೆ.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಆಗ ನರ್ಸ್ ಬಂದು, ರೋಗಿಯನ್ನು ಮಗ್ಗಲು ತಿರುಗಿಸುವ ಹೊತ್ತಾಯಿತು, ಮನೆಯವರೊಬ್ಬರು ಕೈಜೋಡಿಸಿ ಅಂದಳು. ಅಣ್ಣ ಮುಂದೆ ಬಂದ. ಎಲ್ಲಿ ಹಿಡಿಯಬೇಕೋ ತಿಳಿಯದೆ ಅಪ್ಪನ ಸೋತ ಭುಜಕ್ಕೇ ಕೈ ಹಾಕಿದ. ಮುದುಕರ ಗಂಟಲಿಂದ ನರಳಾಟ ಹೊರಟಿತು.

ತಂಗಿ ಬಾಗಿಲಲ್ಲೇ ನಿಂತಳು. "ಆ ಕಡೆ ಅಲ್ಲ ಅಣ್ಣಾ. ಭುಜದ ಕೆಳಗೆ ಕೈ ಕೊಡು. ತಲೆ ಹಿಡ್ಕೋ... ನಿಧಾನ."

ಅವನು ಮತ್ತೆ ತಪ್ಪಿದ. ಅವಳು ಮೇಡಂ ಕಡೆ ನೋಡಿದಳು, ಚಪ್ಪಲಿ ಕಳಚಿದಳು.

ಮೇಡಂ ವಾರ್ಡಿನ ಆಚೆ ಬಂದು, ಗೋಡೆಗೊರಗಿ, ಕಾದರು.