ಕಾಣೆಯಾದ ಶುಕ್ರವಾರದ ಪೇಪರು

ಕುಡಗೋಲು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ಹಿಡಿದವನಿಗೆ ಬೀಸುವುದು ಗೊತ್ತಿದ್ದಂತಿರಲಿಲ್ಲ. ಅದು ಇನ್ನೂ ಡೇಂಜರ್!

"ಹಿಂದಕ್ಕ ಸರೀರಿ ಬಾಯಾರ... ಕಡದ ಬಿಡ್ತೇನಿ!"

"ಕಡಿಯೋ ತಮ್ಮಾ. ಮೊದಲ ಅದಕ್ಕ ಹತ್ತಿದ ಮೇವು ತಗಿ."

ಅವನು ನಿಜವಾಗಿಯೂ ಕುಡಗೋಲಿನತ್ತ ನೋಡಿದ. ನಾನು ಅವನ ಮಣಿಕಟ್ಟು ತಿರುವಿದೆ. ಕುಡಗೋಲು ಮಹಾಕೂಟದ ರಸ್ತೆಗೆ ಬಿತ್ತು.

ನನ್ನ ಹೆಸರು ರಮಾಬಾಯಿ. ಕಳೆದದ್ದನ್ನು ಹುಡುಕಿ ಕೊಡುವುದು ನನ್ನ ದಂಧೆ. ಎಮ್ಮೆ, ಬೈಕು, ಮದುವೆಯ ಹಂದರದಿಂದ ಎದ್ದು ಓಡಿದ ವರ... ಎಲ್ಲ ಹುಡುಕಿದ್ದೇನೆ. ಪೇಪರ್ ಹುಡುಕಿದ್ದು ಅಂದೇ ಮೊದಲು.

ಬೆಳಿಗ್ಗೆ ಎಡಿಟರ್ ಶಂಕ್ರಪ್ಪನ ಫೋನು ಬಂದಿತ್ತು. 'ಕೆಂಪುಗುಡ್ಡ' ಎಂಬ ವಾರಪತ್ರಿಕೆ ಅವನದು. ನಾಲ್ಕು ಪುಟ. ಬರೆಯುವವನೂ ಅವನೇ, ತಿದ್ದುವವನೂ ಅವನೇ. ತಪ್ಪುಗಳೂ ಅವನವೇ! ಶುಕ್ರವಾರ ಬಂತೆಂದರೆ ಪೇಪರಿನ ಕಟ್ಟುಗಳನ್ನು ಬಾದಾಮಿ ಬಸ್ ಸ್ಟ್ಯಾಂಡಿಗೆ ಹೊತ್ತು ತರುತ್ತಾನೆ. ಕಂಡಕ್ಟರುಗಳು ಅವನ್ನು ಗುಡೂರು, ಇಳಕಲ್ಲು, ಹುನಗುಂದಕ್ಕೆ ಮುಟ್ಟಿಸುತ್ತಾರೆ.

ಅಂದು ಕಟ್ಟುಗಳನ್ನು ಕಟ್ಟೆಯ ಮೇಲಿಟ್ಟು ಚಹಾ ಕುಡಿಯಲು ಹೋಗಿದ್ದ. ಬರುವಷ್ಟರಲ್ಲಿ ಕಟ್ಟೆ ಖಾಲಿ!

"ಅಕ್ಕಾರ, ಎಲ್ಲಾ ಕಳುವಾಗ್ಯಾವ್ರಿ!"

"ಓದೂ ಮಂದಿ ಇಲ್ಲ ಅಂತಿದ್ರಿ... ಕದಿಯೂ ಮಂದೀನ ಬಂದ್ರಲ್ಲ! ಖುಷಿ ಪಡ್ರಿ."

"ಚಾಷ್ಟಿ ಮಾಡಬ್ಯಾಡ್ರಿ! ಇಳಕಲ್ಲಿನ ಪಾಂಡಪ್ಪ ಇವತ್ತ ಬಾದಾಮಿಗೆ ಬರಾಕತ್ತಾನ..."

ಪಾಂಡಪ್ಪನದು ಸೀರೆ ಅಂಗಡಿ. ಉಳಿದ ಜಾಹೀರಾತುದಾರರೆಲ್ಲ ಮೊಬೈಲಿನ ಹಿಂದೆ ಹೋಗಿದ್ದರು. ಉಳಿದವನು ಅವನೊಬ್ಬ. ಅವನೂ ಖಡಕ್ಕಾಗಿ ಹೇಳಿದ್ದ: "ಮಂದಿ ಕೈಯಾಗ ನಿನ್ನ ಪೇಪರ್ ಕಾಣಬೇಕು. ಇಲ್ಲಾಂದ್ರ ಜಾಹೀರಾತು ಬಂದ್!"

ಜಾಹೀರಾತು ಬಂದ್ ಆದರೆ 'ಕೆಂಪುಗುಡ್ಡ'ವೂ ಬಂದ್.

ಕಟ್ಟು ಹೇರಿಕೊಂಡು ಹೋದದ್ದು ಬೀರಪ್ಪ ದೇವರ ಹೆಸರು ಬರೆಸಿದ ಹಸಿರು ಟಂಟಂ ಆಟೋ ಎಂದು ಚಹಾದಂಗಡಿಯವನು ಹೇಳಿದ. ಮಧ್ಯಾಹ್ನ ಅದು ಮಹಾಕೂಟದ ರಸ್ತೆಯಲ್ಲಿ ಕಂಡಿತು. ಟಂಟಂ ಮುಂದೆ... ನನ್ನ ಲೂನಾ ಹಿಂದೆ! ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಡ್ರೈವರ್ ಕುಡಗೋಲು ಹಿಡಿದು ಇಳಿದ. ಮುಂದಿನದು ನಿಮಗೆ ಗೊತ್ತೇ ಇದೆ.

"ಹೆಸರೇನು?"

"ಮಾಳಿಂಗರಾಯ್ರಿ."

"ಯಾರ ಕಳಿಸಿದ್ರು?"

ಅವನು ಟಂಟಂ ಕಡೆ ನೋಡಿದ.

"ಗಾಡಿ ಮ್ಯಾಲ ಬೀರಪ್ಪನ ಹೆಸರು... ಬಾಯಾಗ ಸುಳ್ಳು?"

"ಇಲ್ರಿ! ಯಮನೂರ ಸಾವಕಾರ್ರು ಕಳಿಸಿದ್ರು!"

ಯಮನೂರ ಗುತ್ತಿಗೆದಾರ. ಗುಡೂರಿನಲ್ಲಿ ಬಸ್ ಶೆಲ್ಟರ್ ಕಟ್ಟಿಸಿದ್ದ. ಬಿಲ್ಲಿನಲ್ಲಿ ಛಾವಣಿ ಇತ್ತು. ಶೆಲ್ಟರಿಗೆ ಇರಲಿಲ್ಲ! ಅದರ ಫೋಟೋ ಈ ವಾರದ ಮುಖಪುಟದಲ್ಲಿತ್ತು.

ಟಂಟಂ ಒಳಗೆ ಇಣುಕಿದೆ. ಖಾಲಿ.

"ಕಟ್ಟು ಎಲ್ಲಿ?"

"ಸುಡು ಅಂದಿದ್ರು ಸಾವಕಾರ್ರು..."

"ಸುಟ್ಟಿ?"

"ಕಡ್ಡಿ ಗೀರೂದ್ರಾಗ ಮತ್ತ ಫೋನ್ ಬಂತ್ರಿ. ಸುಮ್ನ ಯಾಕ ಸುಡ್ತಿ, ರದ್ದಿಗೆ ಮಾರು, ರೊಕ್ಕ ನನಗ ಕೊಡು ಅಂದ್ರು."

ಛಾವಣಿಯ ಖರ್ಚನ್ನೇ ಉಳಿಸಿದವನು ರದ್ದಿ ಬಿಟ್ಟಾನೆಯೇ?

"ಯಾರಿಗೆ ಮಾರಿದಿ?"

"ರೈಲ್ವೆ ಸ್ಟೇಶನ್ ಮುಂದ... ಮಿರ್ಚಿ ಭಜಿ ಮಕ್ತುಮಬಿಗೆ."

"ತಿರುಗಿಸು ಗಾಡಿ!"

ಲೂನಾವನ್ನು ಕುರಿಯವನಿಗೆ ಒಪ್ಪಿಸಿ ಟಂಟಂ ಹತ್ತಿದೆ. ಮಾಳಿಂಗರಾಯ ಗುಂಡಿಗಳನ್ನು ಒಂದೂ ಬಿಡದೆ ಓಡಿಸಿದ.

ತಡವಾಗಿತ್ತು.

ರೈಲು ಬಂದು ಹೋಗಿತ್ತು. ಅಂಗಡಿಯ ಮುಂದೆ ನೂಕುನುಗ್ಗಲು. ಎಲ್ಲರ ಕೈಯಲ್ಲೂ ಹರಿದ 'ಕೆಂಪುಗುಡ್ಡ'... ಅದರ ಮೇಲೆ ಬಿಸಿಬಿಸಿ ಮಿರ್ಚಿ!

ಆದರೆ ಒಂದು ನೋಡಿ. ಮಿರ್ಚಿ ಆರುವ ತನಕ ಮನುಷ್ಯ ಏನು ಮಾಡಬೇಕು? ಕೈಯಲ್ಲಿದ್ದುದನ್ನು ಓದುತ್ತಾನೆ.

ಎಲ್ಲರೂ ಓದುತ್ತಿದ್ದರು!

ಶಂಕ್ರಪ್ಪನಿಗೆ ಫೋನ್ ಹಚ್ಚಿದೆ. "ಪಾಂಡಪ್ಪನ್ನ ಕರಕೊಂಡು ಸ್ಟೇಶನ್ನಿಗೆ ಬರ್ರಿ. ಲಗೂನ!"

ಬ್ರೇಕು ಕಿರುಚಿತು. ಯಮನೂರನ ಜೀಪು! ರದ್ದಿಯ ರೊಕ್ಕ ವಸೂಲಿಗೆ ತಾನೇ ಬಂದಿದ್ದ. ನನ್ನನ್ನು ಕಂಡ. ಮಂದಿಯ ಕೈಯಲ್ಲಿದ್ದುದನ್ನೂ ಕಂಡ. ಮುಖ ಕೆಂಪಾಯಿತು.

"ಏ ರಮಾಬಾಯಿ! ಬಾಯಿ ಬಿಟ್ರ ಕಾಲು ಮುರೀತೇನಿ!"

"ನಾ ಎಲ್ಲಿ ಮಾತಾಡೇನಿ? ಮಂದಿ ಓದಾಕತ್ತಾರ. ಗದ್ಲ ಮಾಡಬ್ಯಾಡ್ರಿ."

ಅವನು ಕೈ ಎತ್ತಿದ. ಮಕ್ತುಮಬಿ ಕಡಾಯಿಯಿಂದ ಸೌಟು ಎತ್ತಿದಳು. ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಸಾವಕಾರ್ರ, ಕೈ ಇಳಸ್ರಿ. ಗಿರಾಕಿ ಅಂಜ್ತಾರ."

ಕೈ ಇಳಿಯಿತು.

ಗುಡೂರಿನ ಮುದುಕನೊಬ್ಬ ಮಿರ್ಚಿ ಸರಿಸಿ ಫೋಟೋ ತೋರಿಸಿದ. "ಅಲ್ರಿ ಸಾವಕಾರ್ರ, ಇದಕ್ಕ ಛಾವಣಿ ಎಲ್ಲೈತ್ರಿ?"

"ಬರ್ತೈತಿ... ಬರ್ತೈತಿ..."

"ನಮ್ಮೂರ ಬಸ್ಸಿಗೂ ಹಿಂಗ ಅಂತಾರ್ರಿ!"

ಅಂಗಡಿ ತುಂಬ ನಗು! ಕೆಲವರು ಮೊಬೈಲ್ ತೆಗೆದು ಯಮನೂರನ ಫೋಟೋ ಹೊಡೆಯತೊಡಗಿದರು.

"ಸೋಮವಾರ ಪತ್ರಾಸ ತಗಡು ತರಸ್ತೇನಿ! ಫೋಟೋ ತಗೀಬ್ಯಾಡ್ರಿ!" ಎನ್ನುತ್ತ ಯಮನೂರ ಜೀಪು ಹಿಂದಕ್ಕೆ ತಿರುಗಿಸಿದ. ರದ್ದಿಯ ರೊಕ್ಕ ಮರೆತು!

ಆಗ ಬಂದ ಪಾಂಡಪ್ಪ. ಹಿಂದೆ ಬೆವರುತ್ತ ಶಂಕ್ರಪ್ಪ. ಪಾಂಡಪ್ಪ ಕೈಕೈಗಳನ್ನು ನೋಡಿದ. ತನ್ನ ಜಾಹೀರಾತಿನ ಚೂರನ್ನೂ ನೋಡಿದ.

"ನನ್ನ ಸೀರಿ ಸೆರಗಿಗೆ ಎಣ್ಣಿ ಹತ್ತೈತಲ್ಲೋ ಶಂಕ್ರಪ್ಪ!"

ಶಂಕ್ರಪ್ಪ ಅಂಗಿಯ ತುದಿಯಿಂದ ಆ ಚೂರನ್ನು ಒರೆಸತೊಡಗಿದ.

"ಇರಲಿ ತಗೋ... ಇಷ್ಟ ಮಂದಿ ಒಮ್ಮೆಲೆ ಪೇಪರ್ ಓದೂದು ನಾ ಎಂದೂ ನೋಡಿಲ್ಲ. ಇನ್ನೊಂದ್ ವರ್ಷ ನಡೀಲಿ."

ಮಕ್ತುಮಬಿಯೂ ಕೂಗಿದಳು. "ಎಡಿಟರ್ರ, ವಾರಾ ಒಂದ್ ಕಟ್ಟು ನನಗೂ ಇರಲ್ರಿ. ಗಿರಾಕಿ ನಿಂತ ಓದ್ತಾರ... ಮತ್ತೊಂದ್ ಪ್ಲೇಟ್ ತಿಂತಾರ."

ಪೇಪರ್ ಉಳಿಯಿತು. ಆದರೆ ಶಂಕ್ರಪ್ಪನ ಕಣ್ಣು ತುಂಬಿತ್ತು.

"ಅಕ್ಕಾರ... ನಾ ಬರದದ್ದಕ್ಕ ಮಂದಿ ಕೈ ಒರಸ್ಕೋತಾರಲ್ರಿ!"

"ಓದಿ ಒರಸ್ಕೋತಾರ್ರಿ. ದೊಡ್ಡ ಪೇಪರಿಗಾದ್ರ ಓದಲಾರದನ ಒರಸ್ಕೋತಾರ!"