ಕೊನೆಯ ಅಧ್ಯಾಯ ಹರಿದವನು

"ಆ ಪುಸ್ತಕ ಈ ಪಡಸಾಲ್ಯಾಗ ಓದಬ್ಯಾಡ್ರಿ, ಕಾರಕೂನರ," ಎಂದಳು ಲಗಮವ್ವ.

ರಾಜಾರಾಮ ನಕ್ಕ. ನಗಲಿಕ್ಕೂ ಆಯಾಸವಾಗುವಷ್ಟು ದಣಿದಿದ್ದ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹಗಲೆಲ್ಲ ಚೀಲ ತೂಗಿಸಿ ಬರುವ ಅವನ ಗಂಟಲಿನಲ್ಲಿ, ಅಂಗಿಯ ಮಡಿಕೆಯಲ್ಲಿ ಘಾಟು ಕೂತುಬಿಟ್ಟಿತ್ತು. ಕುಡಚಿಯಿಂದ ಹೊಸದಾಗಿ ಬಂದು ಲಗಮವ್ವನ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದ. ಅವನು ಕಲಿಯುತ್ತಿದ್ದ ಸಂಜೆ ಕಾಲೇಜಿಗೆ ಬೇಸಿಗೆಯ ರಜೆ, ಸಂಜೆ ಬಿಡುವಿತ್ತು. ಪಡಸಾಲೆಯಲ್ಲಿ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವಾಗ ಯಾರಾದರೊಬ್ಬರು ಪುರಾಣದ ಪೋಥಿ ಓದಿ ಹೇಳುವುದು ಆ ಮನೆಯ ರೂಢಿ. ಅವನ ಹೆಂಡತಿ ದ್ರೌಪದಿಯೂ ಆ ಹೆಂಗಸರ ನಡುವೆ ಕೂರುತ್ತಿದ್ದಳು.

ಈಗ ಅವನ ಕೈಯಲ್ಲಿದ್ದದ್ದು ಪೋಥಿಯಲ್ಲ, ರಟ್ಟು ಕಿತ್ತುಹೋದ ಹಳೆಯ ಕಾದಂಬರಿ. ಮಾಟ ಹೊಕ್ಕ ದೊಡ್ಡ ಮನೆಯೊಂದರ, ವಾಡೆಯ ಕತೆ. ಹೊಸ್ತಿಲ ಕೆಳಗೆ ಹುಗಿದ ಮಾಟಕ್ಕೆ ಸೊಸೆಯೊಬ್ಬಳು ಉಸಿರು ಕಟ್ಟಿ ಸತ್ತು, ದೆವ್ವವಾಗಿ ಆ ವಾಡೆಯಲ್ಲೇ ಉಳಿದುಬಿಡುತ್ತಾಳೆ. ಚಿಕ್ಕೋಡಿಯ ವಾಚನಾಲಯದಲ್ಲಿ ರಾಜಾರಾಮ ಅದರ ಬಗ್ಗೆ ತನ್ನ ಅಭಿಪ್ರಾಯ ಹೇಳಬೇಕಿತ್ತು.

"ಪೋಥಿ ಓದಿದ್ರ ಕೇಳಾಕ ಮಾರುತಿ ಬರ್ತಾನ. ಅವಗ ಕುಂಡ್ರಾಕ ಮಣಿ ಹಾಕ್ತೀವಿ. ಮುಗದ ಮ್ಯಾಲ ಆರತಿ ಬೆಳಗಿ ಕಳಸ್ತೀವಿ," ಎಂದಳು ಲಗಮವ್ವ, ಎಲೆ ಕತ್ತರಿಸುತ್ತಿದ್ದ ಕತ್ತರಿ ನಿಲ್ಲಿಸಿ. "ಇದನ್ನ ಕೇಳಾಕ ಯಾರ ಬರ್ತಾರ? ಅವರನ್ನ ಏನಂದು ಕಳಸ್ತೀರಿ?"

"ಬಂದವರು ನಾಕು ಬೀಡಿ ಕಟ್ಟಲಿ ಬಿಡ ಯಕ್ಕಾ," ಎಂದಳು ಬೀಡಿ ಕಟ್ಟುತ್ತಿದ್ದ ತುಳಸವ್ವ. ಹೆಂಗಸರು ನಕ್ಕರು. ರಾಜಾರಾಮ ಎದ್ದು, ಗೋಡೆಗೆ ಒರಗಿಸಿದ್ದ ಮಾರುತಿಯ ಮಣೆಯನ್ನು ತಾನೇ ತಂದು ಎದುರಿಗೆ ಹಾಕಿದ. ಆ ಸೊಸೆಯೇ ಬಂದು ಕೂರಲಿ ಎಂದ.

ಅಂದಿನಿಂದ ಪ್ರತಿ ಸಂಜೆ ಓದಿದ. ಮಣೆ ಖಾಲಿಯೇ ಇತ್ತು. ಆದರೆ ಅದರ ಸುತ್ತ ಕೊಳೆತ ಲಿಂಬೆಹಣ್ಣಿನ, ಸುಟ್ಟ ಕೂದಲಿನ ವಾಸನೆ ಏಳತೊಡಗಿತು. ತಂಬಾಕಿನ ಘಾಟನ್ನೂ ಮೀರಿಸುವ ವಾಸನೆ. ಹೆಂಗಸರು ತಮ್ಮ ಮೊರಗಳನ್ನು ಹಿಂದೆ ಹಿಂದೆ ಸರಿಸಿಕೊಂಡರು.

ಕೊನೆಯ ಅಧ್ಯಾಯಕ್ಕೆ ಬಂದಾಗ ಅವನು ಒಂದೆರಡು ಹಾಳೆ ಮನಸ್ಸಿನಲ್ಲೇ ಓದಿ ಮುಖ ಸಿಂಡರಿಸಿದ. ಯಾರೋ ಮಾಟ ಅಗೆದು ತೆಗೆದು ಹೊಳೆಗೆ ಬಿಡುತ್ತಾರಂತೆ, ಸೊಸೆಗೆ ಬಿಡುಗಡೆಯಂತೆ.

"ಇದು ಸುಳ್ಳ ಮುಕ್ತಾಯ," ಎಂದ. "ಬರದಾಂವ ಇಷ್ಟು ಅಂಜಿಸಿ ಕಡೀಕ ಜೋಗುಳ ಹಾಡ್ಯಾನ. ಇದಿಲ್ಲದಿದ್ರನ ಪುಸ್ತಕ ಚಲೋ."

ವಾಚನಾಲಯದಲ್ಲೂ ಇದನ್ನೇ ಹೇಳುತ್ತೇನೆ ಎಂದು ಆ ಹಾಳೆಗಳನ್ನು ಹರಿದ. ಬೀಡಿ ಕಾಯಿಸುವ ಶೆಗಡಿಯ ಕೆಂಡಕ್ಕೆ ಹಾಕಿದ. ಲಗಮವ್ವ ಕೈ ಚಾಚುವಷ್ಟರಲ್ಲಿ ಹಾಳೆಗಳು ಕರಕಲಾಗಿದ್ದವು.

ಅದೇ ಹೊತ್ತಿಗೆ ಕರೆಂಟು ಹೋಯಿತು.

ಕತ್ತಲಲ್ಲಿ ಮೊರವೊಂದು ಉರುಳಿತು. ಎಲೆಗಳು ಚೆಲ್ಲಿದ ಸದ್ದು. ಲಗಮವ್ವ ಚಿಮಣಿ ದೀಪ ಹಚ್ಚಿದಾಗ ಮಣೆಯ ಮೇಲೆ ದ್ರೌಪದಿ ಕೂತಿದ್ದಳು. ಬೆನ್ನು ನೆಟ್ಟಗೆ. ಕಣ್ಣು ತೆರೆದೇ ಇತ್ತು. ಎದೆ ಏರುತ್ತಿರಲಿಲ್ಲ.

ರಾಜಾರಾಮ ಅವಳ ಭುಜ ಅಲುಗಿಸಿದ. ತಣ್ಣಗಿತ್ತು. ತುಟಿ ನೀಲಿಗಟ್ಟುತ್ತಿತ್ತು. ಹೆಂಗಸರು ಬಾಗಿಲಿಗೆ ಓಡಿದರು.

"ಓದ್ರಿ," ಎಂದಳು ಲಗಮವ್ವ. "ಕೇಳಾಕ ಕುಂತಾಳ. ಓದ್ರಿ."

ಅವನು ಸಿಕ್ಕ ಪುಟ ತೆರೆದು ಓದಿದ. ದ್ರೌಪದಿ ಉಸಿರೆಳೆದಳು. ಅವನು ನಿಲ್ಲಿಸಿದ. ಉಸಿರು ನಿಂತಿತು. ಮತ್ತೆ ಓದಿದ. ಎದೆ ಏರಿತು.

ಓದಿದ. ಓದುತ್ತಲೇ ಇದ್ದ. ಪುಸ್ತಕ ಹರಿದಲ್ಲಿಗೆ ಬಂದು ನಿಂತಿತು. ಮೊದಲಿನಿಂದ ಶುರು ಮಾಡಿದ. ಗಂಟಲು ಒಣಗಿತು. ಲಗಮವ್ವ ನೀರು ಕೊಟ್ಟಳು. ಒಂದು ಗುಟುಕು ನುಂಗುವಷ್ಟರಲ್ಲಿ ದ್ರೌಪದಿಯ ಕತ್ತು ವಾಲಿತು. ಲೋಟ ಬಿಸಾಡಿ ಓದಿದ. ದನಿ ಸೀಳಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಇಡೀ ಹಗಲಿನ ದಣಿವು ಕಣ್ಣ ಮೇಲೆ ಬಂದು ಕೂತಿತು. ತನಗೆ ನಿದ್ದೆ ಬಂದರೆ ಅವಳು ಸಾಯುತ್ತಾಳೆ.

ಕತೆ ಮುಗಿಸಿ, ಬಂದು ಕೂತ ಸೊಸೆಯನ್ನು ಕಳಿಸಬೇಕಿತ್ತು. ಸುಟ್ಟ ಅಧ್ಯಾಯವನ್ನು ನೆನಪಿದ್ದಷ್ಟು ಹೇಳಿದ. ಮಾಟ ಅಗೆದರು, ಹೊಳೆಗೆ ಬಿಟ್ಟರು, ಸೊಸೆ ಹೋದಳು.

ದ್ರೌಪದಿಯ ತುಟಿ ಅಲುಗಲಿಲ್ಲ. ದನಿ ಮಾತ್ರ ಬಂತು. ಅವಳದಲ್ಲ.

"ಅದು ಸುಳ್ಳ ಮುಕ್ತಾಯ. ನೀನ ಅಂದಿ."

ಬೇರೆಯದು ಕಟ್ಟಿದ. ವಾಡೆ ಬಿತ್ತು ಎಂದ. "ಚಲೋ ಇಲ್ಲ." ಬೆಂಕಿ ಹತ್ತಿತು ಎಂದ. "ಚಲೋ ಇಲ್ಲ." ಪ್ರತಿ ಮಾತಿಗೂ ದ್ರೌಪದಿಯ ಉಸಿರು ಸಣ್ಣದಾಯಿತು. ಮತ್ತೊಬ್ಬರ ಬರಹವನ್ನು ತೂಗಿ ಅಭ್ಯಾಸವಿದ್ದವನು, ತನ್ನದೊಂದು ಮಾತಿಗಾಗಿ ಕತ್ತಲೆಲ್ಲ ತಡಕಾಡಿದ. ಯಾಕೆ ಬಂದಿದ್ದಾಳೆ ಈ ಸೊಸೆ? ಏನು ಬೇಕು? ಬದುಕಿದ್ದಾಗ ಆ ವಾಡೆಯಲ್ಲಿ ಯಾರೂ ಅವಳ ಮಾತು ಕೇಳಿರಲಿಲ್ಲ.

ಅವನು ಪುಸ್ತಕ ಮುಚ್ಚಿದ.

"ಅಕಿಗೆ ಬೇಕಾಗಿದ್ದು ಉಸಿರಲ್ಲ," ಎಂದ, ಮೆಲ್ಲಗೆ. "ಕರದವನ ದನಿ ತಗೊಂಡು, ಹೊಸ್ತಿಲ ದಾಟಿ ಹ್ವಾದಳು."

ಶೆಗಡಿಯಲ್ಲಿ ಕೆಂಡವೊಂದು ಚಿಟ್ ಎಂದಿತು.

"ಇದು ಚಲೋ ಆತು."

ಲಗಮವ್ವ ಆರತಿ ಬೆಳಗಿದಳು. ವಾಸನೆ ಬಾಗಿಲ ಕಡೆ ಸರಿಯಿತು. ಹೊರಗೆ ನಾಯಿಯೊಂದು ಕುಂಯ್ ಎಂದು ದಾರಿ ಬಿಟ್ಟಿತು. ದ್ರೌಪದಿ ಕೆಮ್ಮಿದಳು. ಕೆಮ್ಮುತ್ತಲೇ ಮಣೆಯಿಂದ ಜಾರಿ ಅವನ ಕೈ ಹಿಡಿದಳು. ಬೆಚ್ಚಗಿತ್ತು.

"ಏನಾತ್ರಿ? ಯಾಕ ಹಂಗ ನೋಡ್ತೀರಿ?"

ಅವನು ಬಾಯಿ ತೆರೆದ. ಗಾಳಿ ಮಾತ್ರ ಬಂತು.

ದ್ರೌಪದಿ ಮತ್ತೆ ಕೇಳಿದಳು. ಆಮೇಲೆ ಇಬ್ಬರೂ ಬಾಗಿಲ ಕಡೆ ತಿರುಗಿದರು. ಓಣಿಯ ಆ ತುದಿಯ ಮನೆಯಲ್ಲೂ ಬೀಡಿ ಕಟ್ಟುತ್ತಿದ್ದರು, ಅಲ್ಲೂ ಪೋಥಿಗೆಂದು ಮಣೆ ಹಾಕಿದ್ದರು. ಆ ಕಡೆಯಿಂದ ರಾಜಾರಾಮನದೇ ದನಿ, ಸ್ವಲ್ಪವೂ ದಣಿವಿಲ್ಲದೆ, ವಾಡೆಯ ಕತೆಯನ್ನು ಮೊದಲ ಸಾಲಿನಿಂದ ಓದತೊಡಗಿತ್ತು.