ಮೊದಲೇ ಸುಟ್ಟ ನೆಲ

ಮೂರು ದಿನ ಕಾಡು ಸುತ್ತಿ ಒಂದೇ ಒಂದು ವಿಷಯ ತಿಳಿದು ಬರಬೇಕಿತ್ತು: ವರದಿಯನ್ನು ಯಾರಾದರೂ ಬಳಸಿದ್ದಾರೆಯೇ? ಬೇಸಿಗೆ ಬೇಗ ಬರುತ್ತಿದೆ, ಕಾಳ್ಗಿಚ್ಚು ಹರಡದಂತೆ ಕಾಡಿನ ನಡುವೆ ಬಿಟ್ಟ ಬೆಂಕಿರೇಖೆಗಳ ಹುಲ್ಲನ್ನು ಹಳೆಯ ತಾರೀಖಿಗೆ ಕಾಯದೆ ಎರಡು ತಿಂಗಳು ಮೊದಲೇ ಸುಟ್ಟುಬಿಡಿ ಎಂದು ಆರು ವರ್ಷ ಅಳೆದು ಬರೆದವಳು ಅವಳೇ. ನೋಡಿ ಬರಲು ಸಂಸ್ಥೆ ಕಳಿಸಿದ್ದೂ ಅವಳನ್ನೇ.

ವಲಯಾಧಿಕಾರಿ ನಕ್ಷೆಯ ಮೇಲೆ ಬೆರಳಾಡಿಸಿದರು. "ನೀವು ಬರೆದಿದ್ದನ್ನ ಚಾಚೂ ತಪ್ಪದೆ ಮಾಡಿದ್ದೀವಿ ಮೇಡಂ. ಹದಿನಾಲ್ಕು ರೇಖೆನೂ ರೆಡಿ."

ದಾರಿ ತೋರಿಸಲು ಬಂದ ನರೆಮೀಸೆಯ ಗಾರ್ಡ್ ನೀರಿನ ಕ್ಯಾನು ಹೆಗಲಿಗೇರಿಸಿದ.

ಬೆಟ್ಟದ ಮೇಲೆ ಬೆಟ್ಟ. ಎಲೆಯುದುರಿದ ಮರಗಳು, ಕಾಲಿಟ್ಟಲ್ಲೆಲ್ಲ ಚರಚರ ಎನ್ನುವ ತರಗು, ಒಣಗಿ ಬಿರಿದ ತೊರೆಯ ಪಾತ್ರ. ರೇಖೆಗಳಿರಬೇಕಾದ ಕಡೆಯಲ್ಲೆಲ್ಲ ಎದೆಯುದ್ದದ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಗಾಳಿಗೆ ತೂಗುತ್ತಿತ್ತು. ಎರಡನೆಯ ದಿನ ಸಂಜೆಗೆ ಹನ್ನೊಂದು ರೇಖೆ ನೋಡಿ ಅವಳು ಬಂಡೆಯ ಮೇಲೆ ಕುಕ್ಕರಿಸಿದಳು.

"ಒಂದೂ ಸುಟ್ಟಿಲ್ಲವಲ್ಲ ಅಣ್ಣ?"

"ಕಾಗದದಲ್ಲಿ ಸುಟ್ಟಿದ್ದಾರೆ ಮೇಡಂ."

ಮೂರನೆಯ ದಿನ ಉಳಿದ ಮೂರು ರೇಖೆಗಳಲ್ಲೂ ಅದೇ ಹುಲ್ಲು. ಮಧ್ಯಾಹ್ನ ಗಾಳಿ ತಿರುಗಿತು. ಕೆಳಗಿನ ಕಣಿವೆಯಿಂದ ಹೊಗೆ ಎದ್ದಿತು.

ಅವಳು ಮೇಲಕ್ಕೆ ಓಡತೊಡಗಿದಳು.

"ಮೇಲೆ ಬೇಡ! ಬೆಂಕಿ ನಮಗಿಂತ ಬೇಗ ಹತ್ತುತ್ತೆ. ಅಡ್ಡ ಬನ್ನಿ!"

ಓಡಿದರು. ಮುಳ್ಳು ತೋಳು ಗೀರಿತು. ಅವಳ ಚೀಲ ಕೊಂಬೆಗೆ ಸಿಕ್ಕಿಕೊಂಡಿತು.

"ಬಿಡಿ ಅದನ್ನ!"

ಉಪಕರಣ, ಫೋಟೋ ಎಲ್ಲ ಅಲ್ಲೇ ಉಳಿಯಿತು. ಬೆನ್ನು ಚುರುಗುಟ್ಟಿತು. ಹುಲ್ಲು ಮುಗಿದು, ನಕ್ಷೆಯ ಯಾವ ರೇಖೆಗೂ ಸೇರದ ಕಪ್ಪು ಬೋಳು ನೆಲ ಬಂತು. ಇಬ್ಬರೂ ಒದ್ದೆ ಬಟ್ಟೆ ಮುಖಕ್ಕೊತ್ತಿ ಬೋರಲು ಬಿದ್ದರು. ಬೆಂಕಿ ಅಂಚಿನವರೆಗೆ ಬಂದು, ತಿನ್ನಲು ಏನೂ ಸಿಗದೆ ಎರಡೂ ಪಕ್ಕಕ್ಕೆ ಒಡೆದು ಹೋಯಿತು.

ಕೆಮ್ಮು ನಿಂತ ಮೇಲೆ ಅವಳು ಕೇಳಿದಳು. "ಇದನ್ನ ಯಾರು ಸುಟ್ಟಿದ್ದು?"

"ನಾನು, ನನ್ನ ಹೆಂಡತಿ. ನಿಮ್ಮ ವರದಿ ಪುಸ್ತಕ ಆಫೀಸಿನ ಕಪಾಟಲ್ಲಿತ್ತು, ಓದಿದೆ. ಸಾಹೇಬ್ರನ್ನ ಕೇಳಿದ್ರೆ ಆರ್ಡರ್ ಬಂದಿಲ್ಲ ಅಂದ್ರು. ಚಳಿಗಾಲದಲ್ಲೇ ನಾಲ್ಕು ದಿನ ಬಂದು ಸುಟ್ವಿ." ಅವನು ಮೀಸೆಯ ಬೂದಿ ಒರೆಸಿಕೊಂಡ. "ಯಾರೋ ಕಾಡಿಗೆ ಬೆಂಕಿ ಇಟ್ಟಿದ್ದಾರೆ ಅಂತ ಕೇಸಾಗಿದೆ. ಯಾರು ಅಂತ ಇನ್ನೂ ಗೊತ್ತಾಗಿಲ್ಲ. ನನಗೆ ರಿಟೈರ್ ಆಗೋಕೆ ಒಂದೂವರೆ ವರ್ಷ ಇದೆ ಮೇಡಂ."

ಮರುದಿನ ಕುಂಟುತ್ತ ಕಚೇರಿ ತಲುಪಿದಾಗ ವಲಯಾಧಿಕಾರಿ ಫೋನಿನಲ್ಲಿ, ಮುನ್ನೆಚ್ಚರಿಕೆಯಿಂದಲೇ ಇಬ್ಬರ ಜೀವ ಉಳಿಯಿತು ಎಂದು ಯಾರಿಗೋ ವಿವರಿಸುತ್ತಿದ್ದರು.

ಅವಳು ಹದಿನಾಲ್ಕು ರೇಖೆಗಳ ಸುಳ್ಳನ್ನು ಇದ್ದಂತೆಯೇ ಬರೆದಳು. 'ಸಂಶೋಧನೆ ಬಳಸಿದವರು' ಎಂಬಲ್ಲಿ ಪೆನ್ನು ತುಂಬ ಹೊತ್ತು ತಡೆಯಿತು. ಕೊನೆಗೆ 'ಯಾರೂ ಇಲ್ಲ' ಎಂದು ಬರೆದು ಸಹಿ ಹಾಕಿದಳು. ಆ ಎರಡು ಪದಕ್ಕೆ ತನ್ನ ಯೋಜನೆ ಮುಚ್ಚಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬಸ್ಸಿನವರೆಗೆ ಬಿಡಲು ಬಂದ ಗಾರ್ಡ್ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಮುಂದಿನ ಸಲ ಯಾವ ವಾರ ಹಚ್ಚಿದರೆ ಒಳ್ಳೇದು?"

"ಇನ್ನೂ ಹತ್ತು ದಿನ ಮೊದಲು, ಅಣ್ಣ," ಎಂದಳು ಅವಳು. "ಗಾಳಿ ನೋಡ್ಕೊಂಡು."